ಹತ್ತು ನಿಮಿಷದ ಹಿಡಿತ

ಆಷಾಢದ ಗಾಳಿ ಕೊಪ್ಪದ ಕೆರೆಗೆ ಇಳಿಯುವುದು ಮಧ್ಯಾಹ್ನದ ಊಟ ಮುಗಿದ ಮೇಲೆ. ಅಲ್ಲಿಯವರೆಗೆ ಅದು ಎಲ್ಲಿ ಅಡಗಿರುತ್ತದೋ ಯಾರಿಗೂ ತಿಳಿಯದು. ಮೊದಲು ಕೆರೆ ಏರಿಯ ಆಚೆಯ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡಂತೆ ಒರಗುತ್ತವೆ. ಆಮೇಲೆ ಕಬ್ಬಿನ ಗದ್ದೆ ಸುಯ್ಯೆನ್ನುತ್ತದೆ. ಕೊನೆಗೆ ನೀರಿನ ಮೈಮೇಲೆ ಸಣ್ಣಗೆ ನವಿರೇಳುತ್ತದೆ. ಆ ಹೊತ್ತಿಗೆ ರಂಜಿತ ತನ್ನ ರೆಕ್ಕೆಗೆ ಗಾಳಿ ತುಂಬಿಕೊಂಡು ದಡದಲ್ಲಿ ನಿಂತಿರುತ್ತಿದ್ದಳು.

ರೆಕ್ಕೆ ಎಂದರೆ ಎರಡಾಳು ಅಗಲದ ಬಿಳಿ ಬಟ್ಟೆಯ ರೆಕ್ಕೆ. ಅಂಚಿನಲ್ಲೂ ನಡುಬೆನ್ನಿನಲ್ಲೂ ಗಾಳಿ ತುಂಬಿದ ಕೊಳವೆ. ಆ ನಡುಬೆನ್ನಿಗೆ ಹಿಂದೊಂದು ಮುಂದೊಂದು ಹಿಡಿಕೆ. ಕಾಲ ಕೆಳಗೆ ಒಂದು ಹಲಗೆ. ಹಲಗೆಯ ಹೊಟ್ಟೆಯಿಂದ ನೀರೊಳಕ್ಕೆ ಒಂದು ಕಂಬ, ಆ ಕಂಬದ ತುದಿಗೆ ಮೀನಿನ ಈಜುರೆಕ್ಕೆಯಂಥದ್ದು. ಹಿಡಿಕೆ ಹಿಡಿದು ಗಾಳಿಗೆ ಸರಿಯಾಗಿ ರೆಕ್ಕೆಯೊಡ್ಡಿದರೆ ಹಲಗೆ ಓಡತೊಡಗುತ್ತದೆ. ಓಡುತ್ತ ಓಡುತ್ತ ನೀರಿನಿಂದ ಒಂದು ಮೊಳ ಮೇಲೆದ್ದುಬಿಡುತ್ತದೆ. ಆಗ ಸದ್ದಿಲ್ಲ, ಅಲೆಯ ಬಡಿತವಿಲ್ಲ. ರೆಕ್ಕೆಯನ್ನು ಹಲಗೆಗೆ ಕಟ್ಟಿರುವುದಿಲ್ಲ. ಎರಡು ಅಂಗೈಗಳು ಬಿಟ್ಟರೆ ಮುಗಿಯಿತು.

ಇದಕ್ಕೆ ವಿಂಗ್ ಫಾಯಿಲಿಂಗ್ ಎಂದು ಹೆಸರು. ಆ ಹೆಸರನ್ನು ಊರಿನಲ್ಲಿ ಯಾರಿಗೂ ಎರಡನೆಯ ಸಲ ಹೇಳುವ ಗೋಜಿಗೆ ರಂಜಿತ ಹೋಗಿರಲಿಲ್ಲ. ಊರವರು ಅದಕ್ಕೆ ಬಾವಲಿ ಎಂದು ತಾವೇ ನಾಮಕರಣ ಮಾಡಿ ಆಗಿತ್ತು. ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು ಅದರ ಗಟ್ಟಿತನದ ಡಿಗ್ರಿ ನೋಡುವುದು ಅವಳ ಕೆಲಸ. ಕ್ಯಾನು ಇಳಿಸುವಾಗ ಹೆಂಗಸರು ಕೇಳುತ್ತಿದ್ದರು, “ಏನವ್ವಾ, ಇವತ್ತೂ ಬಾವಲಿ ಸವಾರಿನಾ?” ಅವಳು ನಗುತ್ತಿದ್ದಳು. ನಕ್ಕರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ರಂಜಿತಳ ತೊಡಕೆಲ್ಲ ಇದ್ದದ್ದು ಅಂಗೈಯಲ್ಲಿ. ಅವಳ ಅಂಗೈ ಬೆವರುತ್ತಿತ್ತು. ಬಿಸಿಲಿಗಲ್ಲ, ಹೆದರಿಕೆಗೂ ಅಲ್ಲ, ಸುಮ್ಮನೆ, ಹುಟ್ಟಿದಾಗಿನಿಂದ. ಶಾಲೆಯಲ್ಲಿ ಕೈಕೈ ಹಿಡಿದು ಸುತ್ತುವ ಆಟದಲ್ಲಿ ಅವಳ ಎರಡೂ ಪಕ್ಕದವರು ಕೈ ಬಿಡಿಸಿಕೊಂಡು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದರು. ಹೋದ ವರ್ಷ ಮಳವಳ್ಳಿ ಕಡೆಯಿಂದ ಹೆಣ್ಣು ನೋಡಲು ಬಂದಾಗ ಗಂಡಿನ ಅಕ್ಕ ಪ್ರೀತಿಯಿಂದಲೇ ಅವಳ ಕೈ ಹಿಡಿದುಕೊಂಡಳು. ಬಿಟ್ಟ ಮೇಲೆ ತನ್ನ ಕೈಯನ್ನು ಸೀರೆಯ ಮರೆಯಲ್ಲಿ ಒರೆಸಿಕೊಂಡಳು. ಒರೆಸಿಕೊಂಡದ್ದನ್ನು ರಂಜಿತ ನೋಡಿದಳು. ಅವರಿಂದ ಆಮೇಲೆ ಸುದ್ದಿಯೇ ಇಲ್ಲ. ಡೈರಿಯಲ್ಲಂತೂ, “ಅವ್ಳ ಕೈ ತಾಕುದ್ರೆ ಹಾಲು ನೀರಾಯ್ತದೆ, ಡಿಗ್ರಿ ಎಲ್ಲಿ ಬಂದಾತು” ಎಂದು ಒಬ್ಬಳು ಅಂದು, ಎಲ್ಲರೂ ನಕ್ಕು, ರಂಜಿತಳೂ ನಕ್ಕಿದ್ದಳು.

ಅಜ್ಜಿ ಹೊಂಬಾಳಮ್ಮ ಮಾತ್ರ ಇದಕ್ಕೊಂದು ಕತೆ ಇಟ್ಟುಕೊಂಡಿದ್ದಳು. ಏಳು ಜನ ಅಕ್ಕತಂಗಿ ಮೋಡಗಳು ಕೆರೆಗೆ ನೀರು ಕುಡಿಯಲು ಇಳಿದವಂತೆ. ಕಿರಿಯವಳಿಗೆ ಆಸೆ ತಡೆಯದೆ ಒಂದು ಬೊಗಸೆ ಕದ್ದಳಂತೆ. ಹಾರುವಾಗ ಸೋರಿಹೋದೀತೆಂದು ಮುಷ್ಟಿ ಬಿಗಿಹಿಡಿದು ಹೊರಟವಳು ಇಂದಿಗೂ ಮುಷ್ಟಿ ಬಿಚ್ಚಿಲ್ಲವಂತೆ. ಅವಳ ಬಳ್ಳಿಯಲ್ಲಿ ಹುಟ್ಟಿದವರ ಕೈ ಒಣಗುವುದಿಲ್ಲವಂತೆ. ಅಜ್ಜಿ ಆ ಕತೆ ಹೇಳುವಾಗ ರಂಜಿತಳ ಕೈಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿರುತ್ತಿದ್ದಳು. ಅಪ್ಪ ಅವ್ವ ದಿನವಿಡೀ ಗದ್ದೆಯಲ್ಲಿರುವ ಆ ಮನೆಯಲ್ಲಿ ಅವಳ ಕೈ ಹಿಡಿಯುತ್ತಿದ್ದುದು ಅದೊಂದೇ ಮುದಿ ಕೈ.

ಕಾಲೇಜಿನ ಎನ್‌ಸಿಸಿ ಕಡೆಯಿಂದ ಸಮುದ್ರತೀರದ ಶಿಬಿರಕ್ಕೆ ಹೋದಾಗ ರಂಜಿತ ಮೊದಲ ಬಾರಿಗೆ ರೆಕ್ಕೆ ಹಿಡಿದಿದ್ದಳು. ಅಲ್ಲಿನ ಹಳೆಯ ರೆಕ್ಕೆಗಳ ಬಟ್ಟೆಯ ಹಿಡಿಕೆಗಳು ನೂರಾರು ಕೈಗಳಲ್ಲಿ ಸವೆದು ಒರಟಾಗಿದ್ದವು; ಅವಳ ಬೆವರಿಗೂ ಜಾರುತ್ತಿರಲಿಲ್ಲ. ಅವಳು ನೀರಿನಿಂದ ಏಳುವುದನ್ನು ನೋಡಿದ ತರಬೇತಿಯ ಮೇಡಂ ಈ ವರ್ಷ ಒಂದು ಹೊಚ್ಚಹೊಸ ರೆಕ್ಕೆಯನ್ನೂ ಹಲಗೆಯನ್ನೂ ಒಂದು ತಿಂಗಳಿಗೆಂದು ಬಸ್ಸಿನಲ್ಲಿ ಕಳಿಸಿದ್ದರು. ಅವರ ಷರತ್ತು ಒಂದೇ. ಭೀಮನ ಅಮಾವಾಸ್ಯೆಯ ಸಂಜೆಯೊಳಗೆ ಹತ್ತು ನಿಮಿಷದ ವಿಡಿಯೊ ಕಳಿಸಬೇಕು, ಹತ್ತು ನಿಮಿಷವೂ ರೆಕ್ಕೆ ಕೈಬಿಡಬಾರದು, ನಡುವೆ ಎಲ್ಲೂ ಕತ್ತರಿಸಿರಬಾರದು. ಕಳಿಸಿದರೆ ಒಂದು ವರ್ಷದ ತರಬೇತಿಗೆ ಅವಳ ಹೆಸರು. ಇಲ್ಲದಿದ್ದರೆ ರೆಕ್ಕೆ ಪಟ್ಟಿಯಲ್ಲಿರುವ ಮುಂದಿನ ಹುಡುಗಿಗೆ.

ಹೊಸ ರೆಕ್ಕೆಯ ಹಿಡಿಕೆಗಳು ಗಟ್ಟಿ. ತಿರುಪು ಬಿಚ್ಚಿದರೆ ಕೈಗೇ ಬರುವಂಥವು. ಕಪ್ಪಗೆ, ನುಣ್ಣಗೆ, ಎಣ್ಣೆ ಹಚ್ಚಿದ ಎಮ್ಮೆಯ ಕೊಂಬಿನ ಹಾಗೆ ಮಿಂಚುತ್ತಿದ್ದವು. ಮೊದಲ ದಿನ ಅವಳು ಒಂದೂವರೆ ನಿಮಿಷ ನಿಂತಳು. ಬೆರಳು ಒಂದೊಂದಾಗಿ ಜಾರಿ, ರೆಕ್ಕೆ ಮಗುಚಿ, ಅವಳು ನೀರಿಗೆ. ಉಪ್ಪುಕಾಗದ ತಂದು ಹಿಡಿಕೆಯ ಮೈ ಉಜ್ಜಿದಳು, ಎರಡೂಮುಕ್ಕಾಲು ನಿಮಿಷ. ಮಂಡ್ಯಕ್ಕೆ ಹೋಗಿ ಕ್ರಿಕೆಟ್ ಬ್ಯಾಟಿಗೆ ಸುತ್ತುವ ಪಟ್ಟಿ ತಂದು ಸುತ್ತಿದಳು. ನಾಲ್ಕು, ಐದು, ಒಂದು ದಿನ ಆರು.

ವಿಡಿಯೊ ಹಿಡಿಯಲು ಕುಸುಮ ಇದ್ದಳು. ಒಂದನೇ ತರಗತಿಯಿಂದ ಜೊತೆಯವಳು, ವೈಶಾಖದಲ್ಲಿ ಮದುವೆಯಾಗಿ ಗುತ್ತಲಿಗೆ ಹೋದವಳು, ಆಷಾಢವೆಂದು ತವರಿಗೆ ಬಂದಿದ್ದಳು. ರಂಜಿತಳ ಕೈಯಲ್ಲಿದ್ದದ್ದು ಆ ಒಂದು ತಿಂಗಳ ಕುಸುಮ. ಅದರಲ್ಲೂ ಅರ್ಧ ಹೊತ್ತು ಅವಳು ಫೋನಿನಲ್ಲಿ ಗಂಡನ ಜೊತೆಗಿರುತ್ತಿದ್ದಳು.

“ಲೇ ರಂಜಿ, ಬಿದ್ದಿದ್ದನ್ನೂ ಇಡೀಬೇಕಾ?” ಎಂದು ಕುಸುಮ ದಡದಿಂದ ಕೂಗುತ್ತಿದ್ದಳು.

“ಬೀಳೋ ತನ್ಕ ಇಡಿ ಸಾಕು.”

“ಅಂಗಾರೆ ಬರೀ ಬೀಳೋದೇ ಐತಲ್ಲೇ! ನಮ್ಮೋರ್ಗೆ ತೋರ್ಸುದ್ರೆ, ನಿನ್ ಫ್ರೆಂಡು ಬಟ್ಟೆ ಒಗೀತಾವ್ಳಾ ಅಂದ್ರು.”

ರಂಜಿತಳಿಗೆ ನಗು ಬಂತು. ತಾನು ನೀರ ಮೇಲಿಂದ ಎದ್ದಾಗ ಹೇಗಿರುತ್ತದೆಂದು ಕುಸುಮಳಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಳು. ಹೇಳಲು ಹೊರಡುವಷ್ಟರಲ್ಲಿ ಕುಸುಮಳ ಫೋನು ಗುನುಗುತ್ತಿತ್ತು, ಕುಸುಮ ಬೇರೆಯೇ ದನಿಯಲ್ಲಿ “ಊಂ, ಹೇಳ್ರೀ” ಎನ್ನುತ್ತ ಹುಣಸೆ ಮರದ ಕಡೆ ನಡೆಯುತ್ತಿದ್ದಳು.

ಆರು ನಿಮಿಷ ನಿಂತ ಮರುದಿನ ಗಾಳಿ ಇನ್ನೂ ಜೋರಾಗಿತ್ತು. ಅಮಾವಾಸ್ಯೆಗೆ ಇನ್ನು ಐದೇ ದಿನ. ಇವತ್ತು ಆಗೇ ಆಗುತ್ತದೆಂದು ಅವಳ ಮನಸ್ಸು ಹೇಳುತ್ತಿತ್ತು. ರೆಕ್ಕೆಯನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ತಂದಳು, ಹಲಗೆ ಹತ್ತಿ ಮಂಡಿಯೂರಿದಳು, ಹಿಡಿಕೆಗೆ ಕೈ ಹಾಕಿದಳು. ರೆಕ್ಕೆ ಗಾಳಿ ಕುಡಿದು ಎಳೆದದ್ದೇ ತಡ, ಎರಡೂ ಕೈ ಒಟ್ಟಿಗೆ ಜಾರಿದವು. ಮತ್ತೆ ಹಿಡಿದಳು, ಮತ್ತೆ ಜಾರಿತು. ಮೀನು ಹಿಡಿದ ಹಾಗೆ. ಎಂಟು ಸಲ ಬಿದ್ದಳು. ಒಂಬತ್ತನೆಯ ಸಲ ನೀರಿನಲ್ಲೇ ನಿಂತು ಅಂಗೈ ನೋಡಿಕೊಂಡಳು. ಹಳದಿ ಜಿಡ್ಡು. ಮೂಸಿದಳು. ಹರಳೆಣ್ಣೆ.

ಮನೆಗೆ ಬಂದಾಗ ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದಳು.

“ಅಜ್ಜಿ, ಹಿಡಿಕೆಗೆ ಎಣ್ಣೆ ಹಚ್ಚಿದ್ಯಾ?”

“ಊಂ ಕಣ್ ಮಗಾ,” ಅಜ್ಜಿಯ ಮುಖ ಅರಳಿತು. “ಹೊಸಾ ಹಿಡಿ, ಹೊಸಾ ಕಾವು ಅಲ್ವಾ? ಅಂಗೈ ಬೊಬ್ಬೆ ಬಂದಿತ್ತು ನಿಂಗೆ. ಗುದ್ಲಿಗಾಗ್ಲಿ ಕುಡ್ಲಿಗಾಗ್ಲಿ ಹೊಸಾ ಕಾವು ಹಾಕುದ್ರೆ ಎಣ್ಣೆ ಕುಡುಸ್ದೆ ಯಾರಾರ ಕೈ ಇಡ್ತಾರಾ? ಎಂಟು ದಿನದಿಂದ ನೋಡ್ತಾವ್ನಿ, ಅದ್ಯಾವ್ ಮರವೋ ಏನೋ, ಎಷ್ಟ್ ಸವುರುದ್ರೂ ಕುಡೀವಲ್ದು. ಅದ್ಕೆ ಇವತ್ತು ಎರಡ್ ಕೈ ಜಾಸ್ತಿನೇ—”

“ಯಾರ್ ಹೇಳಿದ್ರು ನಿಂಗೆ?” ರಂಜಿತಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಯಾರ್ ಹೇಳಿದ್ರು ಅಂತೀನಿ! ಅದು ಮರ ಅಲ್ಲ, ಕುಡಿಯೋದಿಲ್ಲ! ಎಂಟು ದಿನದಿಂದ ನಾನ್ಯಾಕ್ ಬೀಳ್ತಿದ್ದೆ ಅಂತ ಈಗ ಗೊತ್ತಾಯ್ತು. ನನ್ದು ಅಂತ ಇರೋದು ಅದೊಂದು. ಅದನ್ನೂ ಮುಟ್ದೆ ಇರಕಾಗಲ್ವಾ ನಿಂಗೆ?”

ಅಜ್ಜಿ ಮೊರದಲ್ಲಿದ್ದ ಕಾಳನ್ನು ಒಂದು ಸಲ ಕೇರಿದಳು. ಆಮೇಲೆ ಕೇರಿದ್ದನ್ನೇ ಮತ್ತೆ ಕೇರಿದಳು. ಅಂದಿನಿಂದ ಅವಳು ಕತೆ ಹೇಳುವುದನ್ನು ಬಿಟ್ಟಳು. ರಂಜಿತಳೂ ಕೇಳಲಿಲ್ಲ. ಊಟದ ತಟ್ಟೆ ಇಡುವಾಗ “ಉಣ್ಣು” ಎನ್ನುವಳು, ಇವಳು “ಊಂ” ಎನ್ನುವಳು. ಅಷ್ಟು ದೊಡ್ಡದಲ್ಲದ ಮನೆ ಆ ಎರಡು ಮಾತಿನ ನಡುವೆ ವಿಪರೀತ ದೊಡ್ಡದಾಗಿ ಕಾಣುತ್ತಿತ್ತು.

ಸೀಗೆಪುಡಿ ಹಾಕಿ ಉಜ್ಜಿದ್ದಕ್ಕೆ ಎಣ್ಣೆ ಹೋಯಿತು, ಜೊತೆಗೆ ಪಟ್ಟಿಯ ಅಂಟೂ ಹೋಗಿ ಸುರುಳಿ ಬಿಚ್ಚಿಕೊಂಡಿತು. ಹೊಸ ಪಟ್ಟಿ ಸುತ್ತಿದರೂ ಐದು ನಿಮಿಷದ ಮೇಲೆ ಬೆವರು ಅದನ್ನು ಗೆಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಹಿಡಿಕೆಗಳ ತಿರುಪು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಭಾರತೀನಗರದ ಬಸ್ಸು ಹತ್ತಿದಳು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿತ್ತು. ರಸ್ತೆಯುದ್ದಕ್ಕೂ ಕಬ್ಬಿನ ಗಾಡಿ, ಟ್ರ್ಯಾಕ್ಟರು. ಆ ರಸ್ತೆಯ ಬದಿಯ ತಗಡಿನ ಸೂರಿನಡಿ ಸಿದ್ದರಾಮು ಕೂರುತ್ತಿದ್ದ. ಕಬ್ಬು ಕಡಿಯುವವರ ಮಚ್ಚಿಗೆ ಹಿಡಿ ಹಾಕುವುದು, ಹಿಡಿಗೆ ದಾರ ಸುತ್ತುವುದು ಅವನ ಕಸುಬು. ಐವತ್ತು ದಾಟಿದ, ಮಾತಿಗಿಂತ ಹುಬ್ಬನ್ನೇ ಹೆಚ್ಚು ಬಳಸುವ ಮನುಷ್ಯ.

ಹಿಡಿಕೆಗಳನ್ನು ತಿರುಗಿಸಿ ನೋಡಿ ಅವನೆಂದ, “ಏನವ್ವಾ ಇದು? ಬಸ್ಸಲ್ಲಿ ಇಡ್ಕಳೋ ಕಂಬಿ ಕಿತ್ಕಂಡ್ ಬಂದ್ಬುಟ್ಟಿದ್ದೀಯಾ?”

“ಇಲ್ಲ ಕಣಣ್ಣ. ಇದನ್ನ ಇಡ್ಕಂಡು ಗಾಳೀಲಿ ನೀರ್ ಮೇಲೆ ಓಗೋದು.”

“ನೀರ್ ಮೇಲೆ ಯಾಕೆ? ರಸ್ತೆ ಚೆನ್ನಾಗೇ ಮಾಡವ್ರಲ್ಲ.”

“ಆಟ ಕಣಣ್ಣ. ಹತ್ತು ನಿಮಿಷ ಕೈ ಬಿಡ್ದಂಗೆ ಇಡೀಬೇಕು. ಜಾರ್ತದೆ.”

“ಎಲ್ಲಿ, ಕೈ ಕೊಡು.”

ರಂಜಿತ ಕೈಯನ್ನು ದುಪಟ್ಟದೊಳಗೆ ಎಳೆದುಕೊಂಡಳು.

“ನಾನೇನ್ ಸಾಸ್ತ್ರ ಹೇಳಾಕಿಲ್ಲ ಕಣವ್ವ. ಅಳತೆ ನೋಡ್ಬೇಕು, ಕೊಡು.”

ಕೊಟ್ಟಳು. ಅವನು ಅವಳ ಅಂಗೈಯನ್ನು ಮಚ್ಚಿನ ಅಲಗು ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದ. ಬೆರಳು ಮಡಿಸಿದ, ಬಿಡಿಸಿದ. ತನ್ನ ಕೈ ಒದ್ದೆಯಾದದ್ದನ್ನು ಗಮನಿಸಲೇ ಇಲ್ಲವೋ ಏನೋ, ಅದೇ ಕೈಯಲ್ಲಿ ಬೀಡಿ ತೆಗೆದು ಬಾಯಿಗಿಟ್ಟುಕೊಂಡ. “ಬೆವರೋ ಕೈ. ಇದ್ಕೆ ರಬ್ಬರ್ ಆಗಾಕಿಲ್ಲ, ಪಟ್ಟಿನೂ ಆಗಾಕಿಲ್ಲ. ಅವು ನೀರ್ ಕಂಡ್ರೆ ಲೋಳೆ ಆಯ್ತವೆ. ಕಬ್ ಕಡಿಯೋರ್ ಕೈಯೇನ್ ಒಣಗಿರ್ತದಾ? ಎಲ್ಲಾರ್ದೂ ಇಂಗೇಯ. ಬುಡು, ಮಾಡಾನ.”

ಎಲ್ಲಾರ್ದೂ ಇಂಗೇಯ. ಇಪ್ಪತ್ತಮೂರು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಗೋಣಿಚೀಲ ಹೊಲಿಯುವ ದಾರದ ಉಂಡೆಯೊಂದನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡಿ, ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಅವನು ಸುತ್ತತೊಡಗಿದ. ಒಂದೆಳೆಯ ಪಕ್ಕಕ್ಕೆ ಇನ್ನೊಂದೆಳೆ ಕೂದಲು ತೂರದ ಹಾಗೆ. ಅವಳ ಬೆರಳುಗಳ ಸಂದಿಗೆ ಸರಿಯಾಗಿ ಮೂರು ಕಡೆ ಗಂಟಿಟ್ಟು ದಿಬ್ಬ ಮಾಡಿದ. “ಬಿಸ್ಲಲ್ಲಿ ಒಣಗ್ಸು. ನೀರಿಗಿಳಿಯಾಕ್ ಮುಂಚೆ ಮಾತ್ರ ಚೆಂದಾಗ್ ನೆನ್ಸು. ಒಣಗಿದ್ ದಾರ ಕೈಯ ಉಜ್ತದೆ, ನೆಂದಿದ್ ದಾರ ಉಬ್ಕಂಡು ಕೈಯ ಕಚ್ಕತದೆ. ನೀನ್ ಬೆವತಷ್ಟೂ ಅದ್ಕೆ ಒಳ್ಳೇದು.”

ಮರುದಿನ ಅವಳು ಒಬ್ಬಳೇ ನೀರಿಗಿಳಿದಳು. ದಾರ ಮೊದಲು ಒರಟಾಗಿತ್ತು. ಎರಡು ನಿಮಿಷ ಕಳೆದ ಮೇಲೆ ಅದು ಅಂಗೈಯ ಕೆಳಗೆ ಮೆಲ್ಲಗೆ ಉಬ್ಬಿತು, ಮೂರು ಗಂಟುಗಳು ಬೆರಳುಗಳ ನಡುವೆ ಬಂದು ಕೂತವು. ಜಾರಲಿಲ್ಲ. ಏಳು ನಿಮಿಷಕ್ಕೆ ತೋಳು ಸೋತು ಕೂತಳೇ ಹೊರತು ಹಿಡಿತ ಸೋಲಲಿಲ್ಲ. ಅದರ ಮರುದಿನ ಒಂಬತ್ತು. ನೀರಲ್ಲೇ ನಿಂತು “ಒಂಬತ್ತು!” ಎಂದು ಕೂಗಿದಳು. ದಡದಲ್ಲಿ ಎರಡು ಎಮ್ಮೆಗಳಿದ್ದವು. ಒಂದು ತಲೆಯೆತ್ತಿ ನೋಡಿತು.

ಅಮಾವಾಸ್ಯೆ ದಿನ ಬೆಳಿಗ್ಗೆ ಕುಸುಮಳ ಸಂದೇಶ ಬಂತು. ಗಂಡ ಪೂಜೆಗೆಂದು ಬಂದಿದ್ದಾನೆ, ಅತ್ತೆಯೂ ಬಂದಿದ್ದಾರೆ, ಮೊದಲ ವರ್ಷದ ವ್ರತ, ಪಾದಪೂಜೆ ಆದ ಮೇಲೆ ಊಟ, ಊಟವಾದ ಮೇಲೆ ಹೊರಟುಬಿಡುತ್ತಾರೆ, ತನ್ನನ್ನೂ ಕರೆದುಕೊಂಡು. “ಸಾರಿ ಕಣೇ ರಂಜಿ.” ಕೊನೆಗೆ ಕಣ್ಣೀರಿಡುವ ಮುಖವೊಂದರ ಚಿತ್ರ.

ಕೆರೆ ಅಗಲ. ಫೋನನ್ನು ಕಲ್ಲಿಗೆ ಒರಗಿಸಿಟ್ಟರೆ ಅವಳು ಒಂದು ಕ್ಷಣ ಕಂಡು ಮರೆಯಾಗುತ್ತಾಳೆ. ಯಾರಾದರೂ ಹಿಡಿದು ಅವಳ ಜೊತೆಗೇ ತಿರುಗಿಸುತ್ತಿರಬೇಕು. ಅಪ್ಪ ಅವ್ವ ನಾಟಿಗೆ ಹೋಗಿದ್ದರು. ರಂಜಿತ ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು.

“ಅಜ್ಜಿ, ಕೆರೆ ತಾವ್ ಬತ್ತೀಯಾ?”

ಹೊಂಬಾಳಮ್ಮ ಕಡುಬಿನ ಪಾತ್ರೆಯಿಂದ ತಲೆಯೆತ್ತಲಿಲ್ಲ. “ನನ್ನ ಯಾಕ್ ಕರೀತೀಯವ್ವಾ, ಎಣ್ಣೆ ಸವರೋಳ್ನ?”

“ವಿಡಿಯೊ ಇಡೀಬೇಕು. ಯಾರೂ ಇಲ್ಲ.”

“ಯಾರೂ ಇಲ್ದಿದ್ಕೆ ನಾನು.”

“ಊಂ,” ಎಂದಳು ರಂಜಿತ. ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ. “ಯಾರೂ ಇಲ್ದಿದ್ಕೆ ನೀನು.”

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. “ನಡಿ ಮತ್ತೆ. ಗಾಳಿ ಕಾಯ್ತಾ ಕುಂತಿರ್ತದಾ?”

ಏರಿಯ ಮೇಲೆ ಕೂರಿಸಿ ರಂಜಿತ ಎರಡೆರಡು ಸಲ ಹೇಳಿಕೊಟ್ಟಳು. ಕೆಂಪು ಚುಕ್ಕೆ ಒತ್ತು. ಒತ್ತಿದ ಮೇಲೆ ಬೇರೆ ಏನನ್ನೂ ಮುಟ್ಟಬೇಡ. ನಾನು ಹೋದ ಕಡೆಗೆ ತಿರುಗಿಸು. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದಳು. ಫೋನನ್ನು ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡಳು.

ಗಾಳಿ ಚೆನ್ನಾಗಿತ್ತು. ರಂಜಿತ ಹಿಡಿಕೆಗಳನ್ನು ನೀರಿನಲ್ಲಿ ಅದ್ದಿ ನೆನೆಸಿ, ಹಲಗೆಯೇರಿ, ಅಜ್ಜಿಗೆ ಕೈ ಬೀಸಿದಳು. ಏರಿಯ ಮೇಲಿನಿಂದ ಅಜ್ಜಿಯೂ ಕೈ ಬೀಸಿದಳು. ರೆಕ್ಕೆ ತುಂಬಿತು. ಹಲಗೆ ಓಡಿತು, ಎದ್ದಿತು. ಕೆರೆಯ ಸದ್ದು ನಿಂತುಹೋಯಿತು.

ಮೂಡಣ ದಡದಿಂದ ಪಡುವಣ ದಡಕ್ಕೆ ಒಂದು ನಿಮಿಷ. ತಿರುಗುವಾಗ ಒಂದು ಕೈ ಬಿಟ್ಟು ಇನ್ನೊಂದು ಕೈಯಲ್ಲೇ ರೆಕ್ಕೆಯ ಭಾರವೆಲ್ಲ ಹೊರಬೇಕು. ಅಲ್ಲೇ ಅವಳು ಯಾವಾಗಲೂ ಸೋಲುತ್ತಿದ್ದುದು. ಇವತ್ತು ದಾರ ಕಚ್ಚಿ ಹಿಡಿಯಿತು. ಒಂದು ಸಲ, ಎರಡು ಸಲ, ಐದು ಸಲ. ಕೆಳಗೆ ನೀರು ಹಸಿರು ಗಾಜಿನಂತೆ ಹಿಂದಕ್ಕೆ ಹರಿಯುತ್ತಿತ್ತು. ದಡದ ಕಬ್ಬು, ತೆಂಗು, ಪಂಪಿನ ಮನೆ, ಎಲ್ಲವೂ ಅವಳನ್ನು ಬಿಟ್ಟು ಎಲ್ಲಿಗೋ ಹೊರಟಂತೆ ಕಾಣುತ್ತಿದ್ದವು. ಏಳನೆಯ ತಿರುವಿಗೆ ಬಲಗೈಯ ಚರ್ಮ ಸುಲಿಯಿತು. ಉರಿ ಏರಿತು. ಎಂಟು. ತೋಳು ನಡುಗಿತು. ಒಂಬತ್ತು. ಹುಟ್ಟಿದಾಗಿನಿಂದ ತಾನು ಯಾವುದನ್ನೂ ಇಷ್ಟು ಹೊತ್ತು ಹಿಡಿದುಕೊಂಡದ್ದೇ ಇಲ್ಲ ಎಂದು ಅವಳಿಗೆ ಅನ್ನಿಸಿತು. ಯಾರೂ ತನ್ನನ್ನು ಹಿಡಿದದ್ದೂ ಇಲ್ಲ. ಕೈಗಡಿಯಾರದಲ್ಲಿ ಹತ್ತು ನಿಮಿಷ ನಲವತ್ತು ಸೆಕೆಂಡು ಕಂಡ ಮೇಲೆ ದಡದ ಕಡೆ ತಿರುಗಿಸಿ, ಮೆಲ್ಲಗೆ, ಬೀಳದೆಯೇ ಇಳಿದಳು.

ಅಜ್ಜಿ ಏರಿಯಿಂದ ಅರ್ಧ ಇಳಿದು ಬಂದಿದ್ದಳು. “ಬೀಳ್ನಿಲ್ಲ ಕಣ್ ಮಗಾ! ಒಂದ್ ಸಲಾನೂ ಬೀಳ್ನಿಲ್ಲ! ಎಲ್ಲಾನೂ ಇದ್ರೊಳಕ್ಕೆ ಇಡ್ದು ಮಡಗಿವ್ನಿ.”

ರಂಜಿತ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ವಿಡಿಯೊ ಹನ್ನೆರಡು ನಿಮಿಷದ್ದಿತ್ತು. ಒತ್ತಿದಳು.

ಪರದೆಯ ತುಂಬ ಹೊಂಬಾಳಮ್ಮನ ಮುಖ. ಆಕಾಶ, ಹಾರುವ ಬಿಳಿಗೂದಲು, ಮೂಗುಬೊಟ್ಟು. ಬೆರಳಿನಿಂದ ಮುಂದಕ್ಕೆ ಜಾರಿಸಿದಳು. ಮೂರನೆಯ ನಿಮಿಷ, ಅದೇ ಮುಖ. ಎಂಟನೆಯ ನಿಮಿಷ, ಅದೇ ಮುಖ. ಕೆರೆ ಎಲ್ಲೂ ಇರಲಿಲ್ಲ.

“ಅಜ್ಜಿ, ನೀನ್ ಏನಾದ್ರೂ ಮುಟ್ಟಿದ್ಯಾ?”

“ಮೊದ್ಲು ಬರೀ ನೀರ್ ಕಾಣ್ತಿತ್ತು ಕಣವ್ವ. ಕೆಟ್ಟೋಯ್ತೇನೋ ಅನ್ಕಂಡು ಮೂಲೇಲಿ ಒತ್ತಿದೆ. ನನ್ ಮಖ ಬಂತು. ಮಳವಳ್ಳೀಲಿರೋ ನಿಮ್ ಸೋದ್ರತ್ತೆ ವಿಡಿಯೊ ಫೋನ್ ಮಾಡ್ದಾಗ್ಲೂ ನನ್ ಮಖ ಬಂದ್ರೇನೇ ಸರ್ಯಾಗಿರಾದು. ಆಮೇಲೆ ಚುಕ್ಕೆ ಒತ್ತಿದೆ, ನೀನ್ ಹೇಳ್ದಂಗೆ.” ಅಜ್ಜಿಯ ಕಣ್ಣು ಹೊಳೆಯುತ್ತಿತ್ತು. “ಎಂಗ್ ಬಂದದೆ?”

ಗಾಳಿ ಇಳಿಯತೊಡಗಿತ್ತು. ರಂಜಿತಳ ನಾಲಿಗೆಯ ತುದಿಗೆ ಅಂದಿನ ಮಾತೇ ಬಂತು. ಯಾರ್ ಹೇಳಿದ್ರು ನಿಂಗೆ. ಅದನ್ನು ಅಲ್ಲೇ ತಡೆದುಕೊಂಡಳು.

“ಚೆನ್ನಾಗ್ ಬಂದದೆ ಅಜ್ಜಿ.”

“ಕಳ್ಸು ಮತ್ತೆ, ಹೊತ್ತಾಯ್ತು.”

“ಕಳಿಸ್ತೀನಿ.”

ರೆಕ್ಕೆಯ ಗಾಳಿ ಬಿಡುವ ನೆಪ ಮಾಡಿ ಅಜ್ಜಿಯನ್ನು ಮುಂದೆ ಕಳಿಸಿ ಅವಳು ಮೇಡಂಗೆ ಫೋನು ಮಾಡಿದಳು. ಹತ್ತು ನಿಮಿಷ ಬೀಳಲಿಲ್ಲ, ಆದರೆ ವಿಡಿಯೊ ಸರಿಯಾಗಿ ಬರಲಿಲ್ಲ ಎಂದಳು. ಯಾಕೆ ಬರಲಿಲ್ಲವೆಂದು ಹೇಳಲಿಲ್ಲ.

“ನನಗೆ ನಂಬಿಕೆಯಿದೆ ರಂಜಿತ,” ಎಂದರು ಮೇಡಂ. “ಆದರೆ ಆಯ್ಕೆ ಮಾಡುವವರಿಗೆ ನನ್ನ ನಂಬಿಕೆ ತೋರಿಸೋಕಾಗೋಲ್ಲ. ನಾಳೆ ಮಧ್ಯಾಹ್ನ ಎರಡು ಗಂಟೆವರೆಗೆ ಕಾಯ್ತೇನೆ. ಆಮೇಲೆ ರೆಕ್ಕೆ ಬಸ್ಸಿಗೆ ಹಾಕಿಬಿಡು.”

ಮರುದಿನ ರಂಜಿತ ಬೆಳಗಿನ ಹಾಲು ಮುಗಿಸಿ ನೇರ ಕೆರೆಗೆ ಬಂದಳು. ಸುಲಿದ ಅಂಗೈಗೆ ಬಟ್ಟೆ ಕಟ್ಟಿಕೊಂಡಿದ್ದಳು. ಫೋನು ಹಿಡಿಯಲು ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿಯನ್ನು ಒಪ್ಪಿಸಿ ಕೂರಿಸಿಯೂ ಇದ್ದಳು. ಆಷಾಢ ಕಳೆದಿತ್ತು. ತೆಂಗಿನ ಗರಿಗಳು ನೇರ ಕೆಳಗೆ ಇಳಿಬಿದ್ದಿದ್ದವು. ನೀರು ಎಣ್ಣೆಯಂತೆ ನಿಂತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ನೀರುಗಂಟಿ, “ಇವತ್ತು ಗಾಳಿಗೆ ರಜಾ ಕಣವ್ವ” ಎಂದು ಟವೆಲು ಕೊಡವಿ ಎದ್ದುಹೋದ. ಎರಡು ಗಂಟೆಯವರೆಗೂ ಅವಳು ಉಬ್ಬಿದ ರೆಕ್ಕೆಯ ಪಕ್ಕ ಕೂತಿದ್ದಳು. ಒಂದು ಎಲೆಯೂ ಅಲುಗಲಿಲ್ಲ.

ಮದ್ದೂರಿನ ಬಸ್ ನಿಲ್ದಾಣದಲ್ಲಿ ಮೂಟೆಯನ್ನು ಬಸ್ಸಿನ ಹೊಟ್ಟೆಗೆ ಹಾಕುತ್ತ ಕಂಡಕ್ಟರ್ ಕೇಳಿದ, “ಏನಮ್ಮಾ, ಶಾಮಿಯಾನವಾ?”

“ಹೂಂ,” ಎಂದಳು.

ಹಿಡಿಕೆಯ ದಾರವನ್ನು ಬಿಚ್ಚಲು ಅವಳಿಗೆ ಮನಸ್ಸಾಗಿರಲಿಲ್ಲ. ಮುಂದಿನ ಹುಡುಗಿಗೆ ಬೇಡವಾದರೆ ಬ್ಲೇಡಿನಿಂದ ಕೊಯ್ದರಾಯಿತು.

ಸಂಜೆ ಡೈರಿಗೆ ಬರುವಷ್ಟರಲ್ಲಿ ಹೊಂಬಾಳಮ್ಮನ ಸಾಹಸ ಊರೆಲ್ಲ ಹಬ್ಬಿತ್ತು. “ಏನವ್ವಾ, ನಿಮ್ಮಜ್ಜಿ ಸಿನ್ಮಾ ತೆಗ್ದವ್ಳಂತೆ? ನಮ್ಗೂ ತೋರ್ಸು!” ಎಂದು ಹೆಂಗಸರು ಕ್ಯಾನು ಹಿಡಿದೇ ಸುತ್ತುವರಿದರು. ಫೋನು ಚಾರ್ಜಿಲ್ಲವೆಂದು ರಂಜಿತ ತಪ್ಪಿಸಿಕೊಂಡಳು. ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು.

“ಏನಂದ್ರು ನಿಮ್ ಮೇಡಮ್ಮು?”

“ಬೇರೆ ಹುಡ್ಗೀರು ಇನ್ನೂ ಚೆನ್ನಾಗಿ ಆಡವ್ರಂತೆ ಅಜ್ಜಿ.”

“ಸುಳ್ಳು!” ಅಜ್ಜಿ ಕೋಲು ಕುಟ್ಟಿದಳು. “ನಾನ್ ನೋಡ್ನಿಲ್ವಾ? ಅವ್ಳಿಗೇನ್ ಕಣ್ ಕಾಣಾಕಿಲ್ವಾ? ಅಷ್ಟ್ ಚೆಂದಾಗ್ ಇಡ್ದು ಕಳ್ಸಿವ್ನಿ, ಸರ್ಯಾಗ್ ನೋಡು ಅಂತ ಹೇಳು!”

“ಹೇಳ್ತೀನಿ,” ಎಂದು ರಂಜಿತ ಒಳಗೆ ಹೋದಳು. ಈ ಗುಟ್ಟು ಇನ್ನು ತನ್ನೊಬ್ಬಳದೇ ಎಂದು ಅವಳಿಗೆ ಗೊತ್ತಿತ್ತು. ಅಜ್ಜಿ ಇರುವವರೆಗೂ ಅದನ್ನು ಯಾರ ಜೊತೆಯೂ ಹಂಚಿಕೊಳ್ಳುವಂತಿಲ್ಲ.

ರೆಕ್ಕೆ ಇಡುತ್ತಿದ್ದ ಹಿತ್ತಲ ಮೂಲೆ ಖಾಲಿಯಾಗಿತ್ತು. ಅಲ್ಲೇ ಗೋಡೆಗೊರಗಿ ಕೂತು, ಸದ್ದು ತಗ್ಗಿಸಿ, ಅವಳು ವಿಡಿಯೊವನ್ನು ಮೊದಲಿನಿಂದ ಹಾಕಿದಳು. ಗಾಳಿಯ ಮೊರೆತ. ಅಜ್ಜಿಯ ಬಾಯಿ ಸ್ವಲ್ಪವೇ ತೆರೆದಿತ್ತು. “ಎದ್ಲು,” ಎಂದು ಯಾರಿಗೋ ಹೇಳಿಕೊಂಡಳು. ಆಮೇಲೆ ಮಾತಿಲ್ಲ. ಅವಳ ಕಣ್ಣು ಎಡಕ್ಕೆ ಸರಿಯತೊಡಗಿತು, ಒಂದೇ ಸಮನೆ, ರೆಪ್ಪೆ ಬಡಿಯದೆ. ಕಣ್ಣು ಎಡತುದಿಗೆ ಬಂದು ನಿಂತಿತು. ಹುಬ್ಬು ಗಂಟಾಯಿತು, ಉಸಿರು ಕಟ್ಟಿತು. ಅಲ್ಲಿ ತಾನು ಒಂದು ಕೈ ಬಿಟ್ಟಿದ್ದೇನೆ ಎಂದು ರಂಜಿತ ಎಣಿಸಿದಳು. ಹುಬ್ಬು ಸಡಿಲವಾಯಿತು. ಕಣ್ಣು ಮೆಲ್ಲಗೆ ಬಲಕ್ಕೆ ಹೊರಳಿತು. ತಿರುಗಿದ್ದಾಯಿತು, ಬಿದ್ದಿಲ್ಲ. ಅವಳು ಮಂಡಿಯನ್ನು ಎದೆಗೆಳೆದುಕೊಂಡು, ಇನ್ನು ಉಳಿದ ಒಂಬತ್ತು ನಿಮಿಷ ಆ ಕಣ್ಣುಗಳ ಹಿಂದೆ ಕೆರೆಯ ಆ ದಡಕ್ಕೂ ಈ ದಡಕ್ಕೂ ಹೋಗಿಬರುತ್ತ ಕೂತಳು.